ಮಂದಿಯಿಂದ ದೂರ ಸರಿದವರು

(ಚಿಕ್ಕೋಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಬದುಕಿನ ನಡುವಯಸ್ಸಿನಲ್ಲಿ ಜನರ ಸಹವಾಸ ಬಿಟ್ಟು ಹಿಂದೆ ಸರಿಯುವವರ ಸ್ವಭಾವ ಎಂಥದು, ಅವರು ದಿನ ದೂಡುವ ಬಗೆ ಯಾವುದು ಎಂಬ ವಿಷಯದ ಮೇಲೆ ಮಾತನಾಡಲು ನನಗೆ ಹೇಳಿದ್ದೀರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನರ ಮುಂದೆ ಈ ಮಾತನ್ನು ಎತ್ತಿಕೊಳ್ಳುವಾಗ ಪರದೇಶದ ಪುಸ್ತಕದಿಂದ ಆರಂಭಿಸುವುದು ನನಗೆ ಸರಿಕಾಣಲಿಲ್ಲ. ಲೋಕ ಬಿಟ್ಟು ನಡೆದವರನ್ನು ಇಷ್ಟು ಹತ್ತಿರದಿಂದ, ಇಷ್ಟು ತಲೆಮಾರು ಕಂಡ ಸೀಮೆ ನಾಡಿನಲ್ಲಿ ಇನ್ನೊಂದು ಇದ್ದೀತೇ ಎಂದು ನನಗೆ ಅನುಮಾನ.

ಭೋಜ ಗ್ರಾಮದ ಪಾಟೀಲರ ಮನೆಯ ಸಾತಗೌಡರು ಹುಟ್ಟಿದ್ದು 1872ರಲ್ಲಿ. ಮುಂದೆ ಅವರೇ ದಿಗಂಬರ ಜೈನ ಮುನಿ ಆಚಾರ್ಯ ಶಾಂತಿಸಾಗರರಾದರು. ಕೋಥಳಿಯಿಂದ ಆಚಾರ್ಯ ದೇಶಭೂಷಣರು ಬಂದರು. ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಸುರೇಂದ್ರ ಉಪಾಧ್ಯೆ ಆಚಾರ್ಯ ವಿದ್ಯಾನಂದರಾದರು. ಸದಲಗಾದ ವಿದ್ಯಾಧರ ಅಷ್ಟಗೆ, 1946ರಲ್ಲಿ ಹುಟ್ಟಿದವರು, 21ರ ಹರೆಯದಲ್ಲಿ ಅಜ್ಮೇರದಲ್ಲಿ ಮುನಿದೀಕ್ಷೆ ಪಡೆದು ಆಚಾರ್ಯ ವಿದ್ಯಾಸಾಗರರಾದರು; 2024ರ ಫೆಬ್ರವರಿಯಲ್ಲಿ ಛತ್ತೀಸಗಡದ ಡೋಂಗರಗಡದಲ್ಲಿ ದೇಹ ಬಿಟ್ಟರು. ಅತ್ತ ಕೃಷ್ಣೆಯ ದಂಡೆಯ ನದಿ ಇಂಗಳಗಾಂವದಲ್ಲಿ 1836ರಲ್ಲಿ ಹುಟ್ಟಿ, ಅಥಣಿಯ ಗಚ್ಚಿನಮಠದಲ್ಲಿ ನೆಲೆನಿಂತು, 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳು.

ಇವರೆಲ್ಲರ ಹೆಸರು ನಿಮಗೆ ಗೊತ್ತು. ಭಕ್ತಿಯಿಂದ ಗೊತ್ತು. ಅದೇ ಊರುಗಳಲ್ಲಿ, ಅದೇ ಓಣಿಗಳಲ್ಲಿ ಹೆಸರಿಲ್ಲದೆ ಹಿಂದೆ ಸರಿದ ಮತ್ತೊಂದು ಗುಂಪಿದೆ. ಅವರ ಬಗ್ಗೆ ಹೇಳುವುದಕ್ಕಾಗಿಯೇ ಮೊದಲು ಈ ದೊಡ್ಡವರನ್ನು ನೆನೆದೆ.

ಸಾತಗೌಡರ ಕಥೆಯಲ್ಲಿ ಮನೋವಿಜ್ಞಾನದವನ ಕಣ್ಣಿಗೆ ಬೀಳುವ ಸಂಗತಿ ಒಂದಿದೆ. ಹದಿನೇಳು ಹದಿನೆಂಟರ ವಯಸ್ಸಿಗೇ ಅವರಿಗೆ ಮನೆ ಬಿಡುವ ಮನಸ್ಸಿತ್ತು. ತಂದೆ ಭೀಮಗೌಡರು, ನಾವು ಇರುವ ತನಕ ಮನೆಯಲ್ಲೇ ಇದ್ದು ಧರ್ಮ ಮಾಡು ಎಂದರು. ಮಗ ಒಪ್ಪಿದರು. ಅರಿವೆ ಅಂಗಡಿ, ಹೊಲ, ಬಂದುಹೋಗುವ ಜನ ಇವೆಲ್ಲದರ ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ತಂದೆತಾಯಿ ಹೋದ ಮೇಲೆ, ನಲವತ್ತು ದಾಟಿದ ಬಳಿಕ, ಉತ್ತೂರಿನಲ್ಲಿ ಕ್ಷುಲ್ಲಕ ದೀಕ್ಷೆ. ಮುನಿದೀಕ್ಷೆಯಾದದ್ದು 1920ರಲ್ಲಿ, ಯರನಾಳದಲ್ಲಿ. ನನ್ನ ಕೆಲಸದ ಅನುಭವದಲ್ಲಿ ಹೇಳುವುದಾದರೆ, ಭಯದಿಂದ ಓಡುವವನಿಗೆ ಕಾಯುವುದು ಆಗುವುದಿಲ್ಲ. ಅವನಿಗೆ ಇವತ್ತೇ ಬಾಗಿಲು ಹಾಕಿಕೊಳ್ಳಬೇಕು. ಇಪ್ಪತ್ತು ವರ್ಷ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಕಾದ ನಿರ್ಧಾರ ಬೇರೆ ಜಾತಿಯದು.

ಎರಡನೆಯ ಸಂಗತಿ, ಈ ದಾರಿಗೆ ಇರುವ ಮೆಟ್ಟಿಲುಗಳು. ಬ್ರಹ್ಮಚಾರಿ, ಕ್ಷುಲ್ಲಕ, ಐಲಕ, ಆಮೇಲೆ ಮುನಿ. ಒಂದೊಂದು ಮೆಟ್ಟಿಲಿಗೂ ವ್ರತ ಇದೆ, ಗುರು ಇದ್ದಾರೆ, ನೋಡುವ ಜನ ಇದ್ದಾರೆ. ಕುಂದಕುಂದಾಚಾರ್ಯರ 'ಪ್ರವಚನಸಾರ'ದಲ್ಲಿ ಮುನಿಯ ನಡತೆಯನ್ನು ಹೇಳುವ ಭಾಗದ ಆರಂಭದಲ್ಲೇ ಬಂಧುಬಳಗದ ಅಪ್ಪಣೆ ಪಡೆಯುವ ಮಾತು ಬರುತ್ತದೆ. ಆ ಗ್ರಂಥವನ್ನು 1935ರಲ್ಲಿ ವಿದ್ವತ್‌ಲೋಕದ ಮುಂದಿಟ್ಟವರು ಇದೇ ಸದಲಗಾದವರಾದ ಡಾ. ಆ.ನೇ. ಉಪಾಧ್ಯೆ ಎಂದು ಹೇಳಲು ನನಗೆ ಹೆಮ್ಮೆ. ಹೇಳದೆ ಕೇಳದೆ ರಾತ್ರೋರಾತ್ರಿ ಮಾಯವಾಗುವುದನ್ನು ಆ ಪರಂಪರೆ ತ್ಯಾಗ ಎಂದು ಎಣಿಸಲಿಲ್ಲ.

ಮೂರನೆಯದು ಅನ್ನದ ಸಂಗತಿ. ಮುನಿಗಳು ಊರಲ್ಲಿರುವಾಗ ಬೆಳಿಗ್ಗೆ ಜೈನರ ಓಣಿಗೆ ಹೋಗಿ ನೋಡಿ. ಚೌಕಾ ಹಾಕಿದ, ಅಂದರೆ ಮುನಿಗಳ ಆಹಾರಕ್ಕೆ ಮಡಿಯಡುಗೆ ಅಣಿಮಾಡಿದ ಮನೆಗಳ ಮುಂದೆ ಗಂಡಹೆಂಡತಿ ಮಡಿಯುಟ್ಟು, ಕಲಶ ಹಿಡಿದು ನಿಂತಿರುತ್ತಾರೆ. ಮುನಿಗಳು ಮನಸ್ಸಿನಲ್ಲೇ ಒಂದು ನಿಯಮ ಇಟ್ಟುಕೊಂಡು, ನವಿಲುಗರಿಯ ಪಿಂಛಿ, ಕಮಂಡಲು ಹಿಡಿದು ಬೀದಿಗೆ ಬರುತ್ತಾರೆ. ಒಂದೊಂದು ಬಾಗಿಲಲ್ಲೂ 'ನಮೋಸ್ತು, ಅತ್ರ ತಿಷ್ಠ' ಎಂಬ ಕರೆ. ನಿಯಮ ಕೂಡಿ ಬಂದ ಕಡೆ ನಿಲ್ಲುತ್ತಾರೆ. ಕೂಡದಿದ್ದರೆ ಆ ದಿನ ಉಪವಾಸ. ನಿಂತೇ, ಬೊಗಸೆಯಲ್ಲೇ, ದಿನಕ್ಕೆ ಒಂದೇ ಹೊತ್ತು. ಅಡುಗೆ ಮಾಡಿಕೊಳ್ಳುವಂತಿಲ್ಲ, ಬೇಕೆಂದು ಕೇಳುವಂತಿಲ್ಲ, ನಾಳೆಗೆಂದು ಇಟ್ಟುಕೊಳ್ಳುವಂತಿಲ್ಲ. ಬಟ್ಟೆಯನ್ನೂ ಬಿಟ್ಟವರು, ಇಡೀ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ತೊರೆದವರು, ಆಹಾರಕ್ಕೆಂದು ನಾಲ್ಕು ಜನರ ಕಣ್ಣೆದುರಿಗೆ ಬರಲೇಬೇಕು. ಕೊಡುವವರ ಕೈ, ತೆಗೆದುಕೊಳ್ಳುವವರ ಕೈ ಒಂದನ್ನೊಂದು ಬಿಡದಂತೆ ಕಟ್ಟಿದ ಏರ್ಪಾಡು ಇದು. ಮಳೆಗಾಲ ಬಂತೆಂದರೆ ನಾಲ್ಕು ತಿಂಗಳು ಒಂದೇ ಊರಲ್ಲಿ ಚಾತುರ್ಮಾಸ. ಆಗಂತೂ ಊರಿಗೆ ಊರೇ ಸುತ್ತ ನೆರೆಯುತ್ತದೆ.

ಅಥಣಿಯ ಶಿವಯೋಗಿಗಳನ್ನೇ ನೋಡಿ. ಪೀಠದ ಮೇಲೆ ಕೂಡುವ ಆಸೆ ಅವರಿಗೆ ಇರಲಿಲ್ಲ. ಶಿವಪೂಜೆ, ಜಪ, ಮೌನದಲ್ಲಿ ಮುಳುಗಿದವರು. ಆದರೂ ಅವರ ನೆರಳಿನಲ್ಲಿ ಬೆಳೆದ ಮೃತ್ಯುಂಜಯ ಅಪ್ಪಗಳು ಧಾರವಾಡದ ಮುರುಘಾಮಠದಲ್ಲಿ ಬಡ ಹುಡುಗರಿಗೆ ಊಟ ವಸತಿ ಕೊಟ್ಟು ಓದಿಸಿದರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮೊದಲ ಪದವೀಧರರು ಆ ಪ್ರಸಾದ ಉಂಡವರು. ಒಬ್ಬರ ಏಕಾಂತದಿಂದ ಸಾವಿರ ಜನರ ಕಡೆಗೆ ದಾರಿ ತೆರೆದದ್ದು ಹೀಗೆ.

ಇಂಥವರ ಮನಸ್ಸನ್ನು ವೈದ್ಯನಾಗಿ ಅರಿಯಲು ಹೊರಟ ಒಬ್ಬರನ್ನು ಇಲ್ಲಿ ಸ್ಮರಿಸಬೇಕು. ಡಾ. ಆರ್.ಎಲ್. ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದವರು. ಅದಕ್ಕೂ ಮೊದಲು ಕಾರ್‌ಸ್ಟೇರ್ಸ್ ಎಂಬ ಪ್ರಾಧ್ಯಾಪಕರ ಜತೆ ಆಗಿನ ದಕ್ಷಿಣ ಕನ್ನಡದ ಕೋಟ ಗ್ರಾಮದಲ್ಲಿ ಮನೆಮನೆ ಸುತ್ತಿ ಜನರ ಮಾನಸಿಕ ಆರೋಗ್ಯವನ್ನು ಅಭ್ಯಾಸ ಮಾಡಿದ್ದರು; ಆ ಪುಸ್ತಕ 1976ರಲ್ಲಿ ಬಂತು. ನಂತರದ ವರ್ಷಗಳಲ್ಲಿ ಅವರು ಸನ್ಯಾಸಿಗಳನ್ನು ಹುಡುಕಿಕೊಂಡು ಹೋದರು, ಅವರ ಜತೆ ಕುಳಿತು ಮಾತಾಡಿದರು. ಆ ಬರಹ ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು. ಸನ್ಯಾಸವನ್ನು ಅವರು ರೋಗಗಳ ಪಟ್ಟಿಗೆ ಸೇರಿಸಲಿಲ್ಲ, ಬದುಕುವ ಇನ್ನೊಂದು ದಾರಿ ಎಂದು ಕರೆದರು. ಮನೋವೈದ್ಯರೊಬ್ಬರು ಹಾಗೆ ಹೇಳಿದ್ದು ದೊಡ್ಡ ಮಾತು.

ಈಗ ಎರಡನೆಯ ಗುಂಪಿಗೆ ಬರುತ್ತೇನೆ. ನಾನು ಕಂಡ ಹಲವರನ್ನು ಒಬ್ಬನಲ್ಲಿ ಕೂಡಿಸಿ, ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ.

ರಾಯಬಾಗದ ಕಡೆಯ ತೋಟದ ವಸ್ತಿ. ಸುತ್ತ ಎತ್ತ ನೋಡಿದರೂ ಆಳೆತ್ತರದ ಕಬ್ಬು. ನಮ್ಮ ಸೀಮೆಯಲ್ಲಿ ಊರೊಳಗೆ ಮನೆಯಿದ್ದರೂ ಅರ್ಧ ಸಂಸಾರ ತೋಟದಲ್ಲಿರುವುದು ವಾಡಿಕೆ. ಈ ಮನುಷ್ಯನಿಗೆ ನಲವತ್ತರ ಹತ್ತಿರ. ಲಗ್ನದ ಮಾತು ಎರಡು ಸಲ ಮುರಿದಿತ್ತು. ನಡುವೆ ಸೊಸೈಟಿಯ ಸಾಲದ ಸಂಬಂಧ ನಾಲ್ಕು ಮಂದಿಯ ಮುಂದೆ ಮಾತು ಕೇಳಬೇಕಾಯಿತು. ಅಂದಿನಿಂದ ಊರಿಗೆ ಬರುವುದು ನಿಂತಿತು. ಮೊದಲು ಸಂತೆ ಬಿಟ್ಟ, ಆಮೇಲೆ ಲಗ್ನ ಮುಂಜಿ ಬಿಟ್ಟ, ಕಡೆಗೆ ಚಿಂಚಲಿ ಮಾಯಕ್ಕನ ಜಾತ್ರೆಯನ್ನೂ ಬಿಟ್ಟ. ಹಗಲು ಮಲಗುತ್ತಾನೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ಮೋಟರ್ ಹಚ್ಚಿ ಕಬ್ಬಿಗೆ ನೀರು ಹಾಯಿಸುತ್ತಾನೆ. ದುಡಿಮೆಯಲ್ಲಿ ಒಂದು ಚೂರೂ ಕಡಿಮೆಯಿಲ್ಲ. ತಾಯಿ ರೊಟ್ಟಿ ಪಲ್ಯ ಕಟ್ಟಿ ಕಟ್ಟೆಯ ಮೇಲಿಟ್ಟು ಬರುತ್ತಾಳೆ. ಯಾರಾದರೂ ಬೈಕ್ ನಿಲ್ಲಿಸಿದ ಸಪ್ಪಳ ಕೇಳಿದರೆ ಕಬ್ಬಿನೊಳಗೆ ಸರಿದುಬಿಡುತ್ತಾನೆ. "ಮಂದ್ಯಾಗ ಬರಂಗಿಲ್ಲರಿ, ಅಷ್ಟ. ಬ್ಯಾರೆ ಏನೂ ತ್ರಾಸ ಇಲ್ಲ" ಎಂದು ಅಣ್ಣ ಹೇಳುತ್ತಾನೆ.

ಆ 'ಅಷ್ಟ' ಎನ್ನುವುದು ಎಷ್ಟು ವರ್ಷ ನುಂಗುತ್ತದೆ ಗೊತ್ತೇ? ತೋಟದ ಮನೆ ಅವನನ್ನು ಮುಚ್ಚಿಟ್ಟಿತು. ರಾತ್ರಿ ಕರೆಂಟ್ ಅವನ ಹೊತ್ತನ್ನು ತಿರುವುಮುರುವು ಮಾಡಿತು. ಓಣಿಯೊಳಗಿದ್ದಿದ್ದರೆ ಪಕ್ಕದ ಮನೆಯ ಅಜ್ಜಿಯಾದರೂ ಯಾಕಪ್ಪಾ ಎಂದು ಕೇಳುತ್ತಿದ್ದಳು.

ಇವನು ಯಾರು? ಇಲ್ಲಿ ಸ್ವಭಾವದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವರು ಹುಟ್ಟಾ ಮೌನಿಗಳು, ಅಂತರ್ಮುಖಿಗಳು. ಹತ್ತು ಜನ ಸೇರಿದರೆ ದಣಿಯುತ್ತಾರೆ, ಒಬ್ಬರೇ ಇದ್ದರೆ ಚೇತರಿಸಿಕೊಳ್ಳುತ್ತಾರೆ. ಅವರಿಗೆ ಯಾವ ಔಷಧವೂ ಬೇಡ, ಗೊಣಗಾಟವೂ ಬೇಡ. ಇನ್ನು ಕೆಲವರಿಗೆ ಜನರ ಸಂಗ ಬೇಕೆಂಬ ಹಂಬಲವೇ ಕಡಿಮೆ. ಹೊಗಳಿಕೆ ತೆಗಳಿಕೆ ಎರಡೂ ತಟ್ಟುವುದಿಲ್ಲ. ಮೂರನೆಯವರು ಒಳಗೆ ಜನರಿಗಾಗಿ ಹಸಿದವರು. ನಗುತ್ತಾರೇನೋ, ಹಳಿಯುತ್ತಾರೇನೋ ಎಂಬ ಅಂಜಿಕೆಯಿಂದ ದೂರ ಉಳಿದವರು. ಹೊರಗಿನಿಂದ ಈ ಕೊನೆಯ ಎರಡು ಬಗೆಯವರೂ ಒಂದೇ ಥರ ಕಾಣುತ್ತಾರೆ. ಈ ಭೇದವನ್ನು ಅಮೆರಿಕದ ಥಿಯೊಡೋರ್ ಮಿಲನ್ 1969ರಲ್ಲಿ ಬಿಡಿಸಿ ತೋರಿಸಿದರು. 1980ರ ಹೊತ್ತಿಗೆ ಅಲ್ಲಿನ ಮನೋವೈದ್ಯರ ಕೈಪಿಡಿ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ದಾಖಲಿಸಿತು. ತೋಟದ ಮನುಷ್ಯ ಮೂರನೆಯ ಬಗೆಯವನು. ನಾನು ಹೀಗೆ ಹೇಳಲು ಕಾರಣ, ಊರಲ್ಲಿ ಯಾರ ಮನೆಯಲ್ಲಿ ಏನಾಯಿತು, ಯಾರಿಗೆ ಕೂಸು ಹುಟ್ಟಿತು, ಎಲ್ಲವನ್ನೂ ತಾಯಿಯಿಂದ ಕೇಳಿ ತಿಳಿದುಕೊಳ್ಳುತ್ತಿದ್ದ. ಜನ ಬೇಡವಾದವನು ಅದನ್ನು ಕೇಳುವುದಿಲ್ಲ.

ಈ ಮೂರೂ ಅಲ್ಲದೆ ಕಾಯಿಲೆಯಿಂದ ಸರಿದವರೂ ಇದ್ದಾರೆ, ಅದನ್ನು ಮರೆಯಬಾರದು. ಖಿನ್ನತೆ ಬಂದವನಿಗೆ ಹಾಸಿಗೆಯಿಂದ ಏಳುವುದೇ ಗುಡ್ಡ ಹತ್ತಿದಂತೆ. ಸ್ಕಿಜೋಫ್ರೇನಿಯಾದಲ್ಲಿ ಕೂಗಾಟ ಚೀರಾಟ ಇಲ್ಲದೆ ಬರೀ ಮಂಕಾಗಿ ಮೂಲೆ ಹಿಡಿಯುವ ರೂಪವಿದೆ. ಮನೆಯವರು ಅದನ್ನು ಸೋಮಾರಿತನ ಎಂದು ಬೈಯುತ್ತಾರೆ. ಕಿವಿ ಮಂದವಾದ ಮುದುಕರು ಮಾತು ತಪ್ಪಿಸಲು ಪಡಸಾಲೆಯಿಂದ ಒಳಗೆ ಸರಿಯುತ್ತಾರೆ. ಕುಡಿತದ ನಾಚಿಕೆ ಬೇರೆ ಇದೆ. ಮೊದಲು ಚೆನ್ನಾಗಿ ಬೆರೆಯುತ್ತಿದ್ದವನು ಕೆಲವೇ ತಿಂಗಳಲ್ಲಿ ಬದಲಾಗಿದ್ದರೆ, ಸ್ನಾನ ಊಟ ನಿದ್ದೆ ಕೆಟ್ಟಿದ್ದರೆ, ಒಬ್ಬನೇ ಮಾತಾಡುತ್ತಿದ್ದರೆ, ಬದುಕು ಸಾಕು ಎಂಬ ಮಾತು ಬಂದರೆ, ಸ್ವಭಾವ ಎಂದು ಸುಮ್ಮನಿರಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನು ತಾಳಿಕೊಳ್ಳುವ ಬಗೆ. ಲಜಾರಸ್ ಮತ್ತು ಫೋಕ್‌ಮನ್ ಎಂಬ ಇಬ್ಬರು ವಿದ್ವಾಂಸರು 1984ರಲ್ಲಿ ಒಂದು ಸರಳ ವಿಭಾಗ ಮಾಡಿದರು: ಕಷ್ಟ ಬಂದಾಗ ಮನುಷ್ಯ ಕಷ್ಟದ ಕಾರಣವನ್ನೇ ಸರಿಪಡಿಸಲು ನೋಡುತ್ತಾನೆ, ಇಲ್ಲವೇ ಅದರಿಂದ ಮನಸ್ಸಿಗೆ ಆಗುವ ನೋವನ್ನು ತಣಿಸಿಕೊಳ್ಳುತ್ತಾನೆ. ಎರಡೂ ಬೇಕು. ಸಾಲದವನು ಕಂತಿನ ಲೆಕ್ಕವನ್ನೂ ಹಾಕಬೇಕು, ಭಜನೆಗೂ ಕೂಡಬೇಕು. ತಪ್ಪಿಸಿಕೊಳ್ಳುವುದರಲ್ಲಿ ಮಾತ್ರ ಒಂದು ಮೋಸವಿದೆ. ಸಂತೆಗೆ ಹೋಗದೆ ಉಳಿದ ದಿನ ಎದೆ ಹಗುರಾಗುತ್ತದೆ. ಆ ಹಗುರವೇ ಮುಂದಿನ ವಾರ ಮತ್ತೆ ತಪ್ಪಿಸಲು ಹೇಳಿಕೊಡುತ್ತದೆ. ಪ್ರತಿ ಸಲ ತಪ್ಪಿಸಿದಾಗಲೂ ಸಂತೆ ಮನಸ್ಸಿನಲ್ಲಿ ಇನ್ನಷ್ಟು ದೊಡ್ಡದಾಗಿ, ಇನ್ನಷ್ಟು ಭಯಂಕರವಾಗಿ ಬೆಳೆಯುತ್ತದೆ. ಜನ ಏನೂ ಅನ್ನಲಿಲ್ಲ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ. ಹತ್ತು ವರ್ಷ ಹೀಗೆಯೇ ಕಟ್ಟಿಕೊಂಡ ಗೋಡೆ ಅದು. ಹಟ ಎಂದೋ ದೆವ್ವ ಬಡಿದದ್ದು ಎಂದೋ ಕರೆದರೆ ಅನ್ಯಾಯ.

ಜಪಾನಿನಲ್ಲಿ ಇದು ರಾಷ್ಟ್ರದ ಚಿಂತೆಯಾಗಿದೆ. ಹಿಕಿಕೊಮೊರಿ ಎನ್ನುತ್ತಾರೆ; ಆರು ತಿಂಗಳಿಗೂ ಹೆಚ್ಚು ಕಾಲ ಮನೆಯೊಳಗೇ ಉಳಿದವರು. ಹುಡುಗರ ಸಮಸ್ಯೆ ಎಂದು ತಿಳಿದಿದ್ದರು. 2019ರಲ್ಲಿ ಅಲ್ಲಿನ ಸರಕಾರ 40ರಿಂದ 64 ವಯಸ್ಸಿನವರಲ್ಲೇ ಸುಮಾರು 6,13,000 ಮಂದಿ ಹೀಗಿದ್ದಾರೆಂದು ಅಂದಾಜು ಮಾಡಿತು. ಎಂಬತ್ತರ ತಂದೆತಾಯಿ ಐವತ್ತರ ಮಗನಿಗೆ ಬಾಗಿಲಲ್ಲಿ ತಟ್ಟೆ ಇಡುತ್ತಿದ್ದಾರೆ. ನಮ್ಮ ತೋಟದ ಕಟ್ಟೆಯ ಮೇಲಿನ ರೊಟ್ಟಿಯ ಗಂಟು ಅಷ್ಟು ದೂರದ್ದಲ್ಲ. ತಾಯಿ ಹೋದ ಮೇಲೆ ಆ ಗಂಟು ಇಡುವವರು ಯಾರು?

ಹೆಣ್ಣುಮಕ್ಕಳ ಸಂಗತಿ ಇದಕ್ಕಿಂತ ಕಷ್ಟ. ಗಂಡಸು ಹೊರಗೆ ಬರದಿದ್ದರೆ ಮೂರನೆಯ ತಿಂಗಳಿಗಾದರೂ ಜನ ಕೇಳುತ್ತಾರೆ. ಹೆಂಗಸು ಹೊರಗೆ ಬರದಿದ್ದರೆ ಒಳ್ಳೆಯ ಮನೆತನದವಳು ಎನ್ನುತ್ತಾರೆ. ನಿಪ್ಪಾಣಿಯ ಓಣಿಗಳಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ನೀವು ಬಲ್ಲಿರಿ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ತಂಬಾಕು, ಕತ್ತು ಬಗ್ಗಿಸಿದರೆ ಸಂಜೆಯ ತನಕ ಎತ್ತುವಂತಿಲ್ಲ. ಕಟ್ಟಿದ್ದನ್ನು ಮಗಳು ಒಯ್ದು ಕೊಟ್ಟು ಎಲೆ ತಂದರೆ ತಾಯಿ ಹೊಸ್ತಿಲು ದಾಟದೆ ವರ್ಷ ಕಳೆಯಬಹುದು. ಗಂಡ ಬಿಟ್ಟ ನಾಚಿಕೆಯೋ, ಮಗು ಸತ್ತ ದುಃಖವೋ ಆ ಮೊರದ ಹಿಂದೆ ಯಾರ ಕಣ್ಣಿಗೂ ಬೀಳದೆ ಕುಳಿತಿರುತ್ತದೆ. ಇದೇ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳು ಗುಂಪಾಗಿ ಬೀದಿಗಿಳಿದು ಹೋರಾಡಿದರು. ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ಅದನ್ನೇ ಚಿತ್ರವಾಗಿ ಮಾಡಿತು. ಕಾರ್ಖಾನೆಯಲ್ಲಿ ದೂಳು ಕುಡಿದರೂ ಪಕ್ಕದಲ್ಲಿ ಒಬ್ಬ ಗೆಳತಿ ಇದ್ದಳು. ಮನೆಯಲ್ಲೇ ಕುಳಿತು ಮಾಡುವ ಕೂಲಿಯಲ್ಲಿ ಅದಿಲ್ಲ. ಸ್ವಸಹಾಯ ಸಂಘದ ವಾರದ ಸಭೆಗೆ ಬರುವುದು ನಿಲ್ಲಿಸಿದ ಹೆಣ್ಣುಮಗಳ ಮನೆಗೆ ಸಂಘದ ಇಬ್ಬರು ಹೋಗಿಬರುವ ರೂಢಿ ಆಗಬೇಕೆಂದು ನಾನು ಹೋದಲ್ಲೆಲ್ಲ ಕೇಳುತ್ತಿದ್ದೇನೆ. ಕಂತು ವಸೂಲಿಗೆ ಹೋಗುವ ಚುರುಕು ಇದಕ್ಕೂ ಬೇಕು.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಬಂದಾಗ ಮನೆ ಬಿಡಲು ಒಪ್ಪದವರ ಬಗ್ಗೆ ಎಲ್ಲರೂ ಮಾತಾಡಿಕೊಂಡರು. ದನಕರು, ಸಾಮಾನಿನ ಆಸೆ ಎಂದರು. ಬಹುಪಾಲು ನಿಜ. ಕೆಲವರಿಗಾದರೂ ನೀರಿಗಿಂತ ಶಾಲೆಯ ಹಾಲ್‌ನಲ್ಲಿ ನೂರು ಜನರ ನಡುವೆ ಮಲಗುವ ಕಾಳಜಿ ಕೇಂದ್ರವೇ ಹೆಚ್ಚು ಅಂಜಿಕೆ ಹುಟ್ಟಿಸಿತ್ತು. ಮುಂದಿನ ಪ್ರವಾಹಕ್ಕೆ ದೋಣಿಯ ಪಟ್ಟಿ ಮಾಡುವ ಅಧಿಕಾರಿಗಳು ಇಂಥವರ ಮನೆಗಳನ್ನೂ ಬರೆದಿಟ್ಟುಕೊಂಡು, ಅವರಿಗೊಂದು ಸಣ್ಣ ಕೋಣೆ ಮೀಸಲಿಡಲಿ.

ತೋಟದವನ ಕಡೆಗೆ ಮರಳುತ್ತೇನೆ. ಮನೆಯವರು ಕೇಳಿದ ಮೊದಲ ಪ್ರಶ್ನೆ: "ಲಗ್ನಾ ಮಾಡಿದ್ರ ಸರಿ ಹೋಗ್ತಾನೇನ್ರಿ?" ಕೈಮುಗಿದು ಹೇಳುತ್ತೇನೆ, ಮಾಡಬೇಡಿ. ಯಾರದೋ ಮನೆಯ ಮಗಳನ್ನು ಔಷಧದ ಬಾಟಲಿಯಂತೆ ತಂದು ಬಳಸುವುದು ಪಾಪ. ಅವಳೂ ಆ ತೋಟದಲ್ಲಿ ಒಬ್ಬಂಟಿಯಾಗುತ್ತಾಳೆ. ಎರಡನೆಯದು: "ಮಠಕ್ಕರೆ ಬಿಡೋಣೇನ್ರಿ, ಹೆಂಗೂ ವೈರಾಗಿ ಇದ್ದಂಗ ಇದ್ದಾನ." ಅದೂ ಸಲ್ಲದು. ದೀಕ್ಷೆಯ ದಾರಿ ಮನಸ್ಸು ಗಟ್ಟಿಯಿದ್ದವರಿಗೆ. ಅಲ್ಲಿ ಜನಸಂಪರ್ಕ ಕಡಿಮೆಯಲ್ಲ, ಹೆಚ್ಚು ಎಂಬುದನ್ನು ಆಗಲೇ ಹೇಳಿದೆ.

ಆ ಪರಂಪರೆಯಿಂದ ನಾವು ಕಲಿಯಬೇಕಾದದ್ದು ಮೆಟ್ಟಿಲುಗಳನ್ನು. ಹೊರಗೆ ಹೋಗಲು ಕ್ಷುಲ್ಲಕ, ಐಲಕ ಎಂದು ಹಂತಗಳಿದ್ದಂತೆ, ಒಳಗೆ ಮರಳಿ ಬರಲೂ ಹಂತಗಳು ಬೇಕು. ಜಾತ್ರೆಗೆ ಎಳೆದೊಯ್ಯುವುದರಿಂದ ಆರಂಭಿಸಿದರೆ ಮೊದಲ ದಿನವೇ ಕೆಟ್ಟಿತು. ನಾವು ಹಿಡಿದದ್ದು ಹಾಲಿನ ಡೇರಿಯನ್ನು. ಮನೆಯಲ್ಲಿ ಎರಡು ಎಮ್ಮೆ ಇದ್ದವು, ಹಾಲು ಒಯ್ಯುತ್ತಿದ್ದವನು ಅಣ್ಣನ ಮಗ. ಮೊದಲ ವಾರ ಇವನು ಕ್ಯಾನ್ ಹಿಡಿದು ತೋಟದ ಹಾದಿಯ ಕೊನೆಯ ತನಕ ಮಾತ್ರ ಬಂದ. ಆಮೇಲೆ ಡೇರಿಯ ಹೊರಗೆ ನಿಂತ. ಅದಾದ ಮೇಲೆ ಬೆಳಗಿನ ಜಾವ, ಡೇರಿ ತೆರೆಯುವ ಹೊತ್ತಿಗೆ, ಸಾಲು ಹತ್ತುವ ಮುಂಚೆ, ಒಳಗೆ ಹೋದ. ಡೇರಿಯಲ್ಲಿ ಮಾತಿನ ಅಗತ್ಯ ಕಡಿಮೆ ಎಂಬುದೇ ಅದರ ಗುಣ. ಕ್ಯಾನ್ ಕೊಡಬೇಕು, ಅಳೆಯುತ್ತಾರೆ, ಚಮಚದಷ್ಟು ತೆಗೆದು ಮಷಿನ್‌ಗೆ ಹಾಕುತ್ತಾರೆ, ಫ್ಯಾಟ್ ಎಷ್ಟು ಎಂದು ಚೀಟಿ ಬರುತ್ತದೆ, ತೆಗೆದುಕೊಂಡು ಹೊರಡಬೇಕು. ಕೈ ನಡುಗಿತು, ಬೆವರಿದ. ಆದರೂ ಯಾರೂ ನಗಲಿಲ್ಲ ಎಂಬುದನ್ನು ತಾನೇ ಕಂಡ. ಒಂದು ದಿನ ಫ್ಯಾಟ್ ಕಡಿಮೆ ಬಂತೆಂದು ಡೇರಿಯವನ ಜತೆ ವಾದ ಮಾಡಿ ಬಂದನಂತೆ. ಮನೆಯವರು ಗಾಬರಿಯಾಗಿ ಫೋನ್ ಮಾಡಿದರು. ನನಗಾದ ಸಂತೋಷ ಹೇಳತೀರದು.

ಮನೆಯವರು ಮಾಡಬೇಕಾದದ್ದೂ ಇತ್ತು. ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟು ಬರುವುದನ್ನು ನಿಲ್ಲಿಸಿ ತಾಯಿ ಅಲ್ಲೇ ಕುಳಿತು ಜತೆಗೆ ಉಂಡಳು; ಬುದ್ಧಿ ಹೇಳಲಿಲ್ಲ. ಬಂದವರ ಮುಂದೆ "ಇಂವಾ ಹಿಂಗ" ಎಂದು ತೋರಿಸುವುದನ್ನು ಅಣ್ಣ ಬಿಟ್ಟ. ರಾತ್ರಿ ನೀರು ಹಾಯಿಸುವ ಪಾಳಿಯನ್ನು ಇಬ್ಬರೂ ಹಂಚಿಕೊಂಡರು, ಹಗಲು ಹಗಲಾಯಿತು. ಅಂಜಿಕೆ ಬಹಳ ಇದ್ದುದರಿಂದ ವೈದ್ಯರು ಕೆಲವು ತಿಂಗಳು ಮಾತ್ರೆಯನ್ನೂ ಕೊಟ್ಟರು. ಅವನು ಇವತ್ತಿಗೂ ಮಾತು ಕಡಿಮೆಯ ಮನುಷ್ಯನೇ. ಅದನ್ನು ಬದಲಿಸುವ ಅಧಿಕಾರ ನಮಗಿಲ್ಲ, ಅಗತ್ಯವೂ ಇಲ್ಲ.

ಸೌಲಭ್ಯಗಳ ಮಾತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ಮಾದರಿಯನ್ನು ದೇಶಕ್ಕೆ ತೋರಿಸಿದ್ದು ನಮ್ಮದೇ ಬಳ್ಳಾರಿ ಜಿಲ್ಲೆ, 1985ರಿಂದ. ಆ ಹೆಮ್ಮೆಯನ್ನು ಉಳಿಸಿಕೊಳ್ಳುವ ಹೊಣೆ ನಮ್ಮ ಮೇಲಿದೆ. ಅಥಣಿ, ಕಾಗವಾಡದವರು ಮೀರಜ್, ಸಾಂಗ್ಲಿಗೆ ಹೋಗುತ್ತಾರೆ, ಉಳಿದವರು ಬೆಳಗಾವಿಗೆ ಇಲ್ಲವೇ ಧಾರವಾಡದ ಡಿಮ್ಹಾನ್ಸ್‌ಗೆ. ಮೂಲೆ ಹಿಡಿದವನನ್ನು ಬಸ್ಸಿನಲ್ಲಿ ಕೂಡಿಸಿ ಅಷ್ಟು ದೂರ ಕರೆದೊಯ್ಯುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ಆದ್ದರಿಂದ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ತಪ್ಪದೆ ಬರಬೇಕು, ಆಶಾ ಕಾರ್ಯಕರ್ತೆಯರು ತೋಟದ ವಸ್ತಿಗಳ ಮನೆಗಳನ್ನೂ ಎಣಿಕೆಗೆ ಹಿಡಿಯಬೇಕು ಎಂದು ಇಲ್ಲಿರುವ ಜನಪ್ರತಿನಿಧಿಗಳಲ್ಲಿ ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಒಂದು ಸಂಖ್ಯೆ ಬರೆದುಕೊಳ್ಳಿ: 14416. ಟೆಲಿ ಮಾನಸ್ ಎಂಬ ಈ ಸರಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು, ಹಣ ಬೇಕಿಲ್ಲ. ಹಿಂದೆ ಸರಿದವನೇ ಮಾತಾಡಬೇಕೆಂದಿಲ್ಲ. ತಾಯಿ, ಅಣ್ಣ, ಅತ್ತಿಗೆ ಯಾರಾದರೂ ಮಾಡಬಹುದು. ಎಷ್ಟು ದಿನದಿಂದ ಹೀಗಿದ್ದಾನೆ, ನಿದ್ದೆ ಊಟ ಹೇಗಿದೆ, ಯಾರ ಜತೆ ಇನ್ನೂ ಮಾತಾಡುತ್ತಾನೆ, ಇಷ್ಟನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಹಚ್ಚಿದರೆ ಆ ಕಡೆಯವರಿಗೆ ದಾರಿ ಹೇಳುವುದು ಸುಲಭವಾಗುತ್ತದೆ.